ಕುತ್ತಿಗೆ ನೋವು ಹಳೆಯದಾದರೆ ನಡಿಗೆ ಓಲಾಡುವುದೇಕೆ?

ತಲೆಬುರುಡೆಯ ಬುಡದ ಸಣ್ಣ ಸ್ನಾಯುಗಳು ತಲೆ ಎತ್ತ ತಿರುಗಿದೆಯೆಂದು ಮಿದುಳಿಗೆ ಸದಾ ತಿಳಿಸುತ್ತಿರುತ್ತವೆ. ವರ್ಷಗಟ್ಟಲೆ ದೋಟಿ ಹಿಡಿದು, ಕತ್ತೆತ್ತಿ ಅಡಿಕೆ ಕೊಯ್ದು ಅವು ಬಿಗಿದುಕೊಂಡರೆ ಆ ಸುದ್ದಿ ಕಣ್ಣು, ಸಮತೋಲ ಕಾಯುವ ಒಳಗಿವಿ ಹೇಳುವುದಕ್ಕೆ ತಾಳೆಯಾಗದೆ ನಡಿಗೆ ಓಲಾಡುತ್ತದೆ. ಮಳೆಗಾಲದಲ್ಲಿ, ಮಬ್ಬುಗತ್ತಲಲ್ಲಿ ತೋಟದ ಸಂಕ (ಕಾಲುಸೇತುವೆ) ದಾಟುವಾಗ ಇದು ಚೆನ್ನಾಗಿ ಗೊತ್ತಾಗುತ್ತದೆ.

ಪರೀಕ್ಷೆ ಸುಲಭ. ಹಣೆಗೆ ಸಣ್ಣ ಲೇಸರ್ ಕಟ್ಟಿ, ಗೋಡೆಯಿಂದ 90 ಸೆಂ.ಮೀ. ದೂರ ಕೂತು, ಚುಕ್ಕೆ ಬಿದ್ದಲ್ಲಿ ಗುರುತು ಹಾಕಿಸಿ. ಕಣ್ಣು ಮುಚ್ಚಿ ತಲೆ ತಿರುಗಿಸಿ, ಮತ್ತೆ ಅಲ್ಲಿಗೇ ತನ್ನಿ. ಹಲವು ಸಲ ಮಾಡಿದಾಗ ಸರಾಸರಿ 7 ಸೆಂ.ಮೀ. ಮೀರಿ ತಪ್ಪಿದರೆ ಕುತ್ತಿಗೆಯ ಮೇಲೆ ಅನುಮಾನ ಬಲವಾಗುತ್ತದೆ. ಕಣ್ಣು ತೆರೆದು ತಿದ್ದಿಕೊಳ್ಳುತ್ತಾ ಮಾಡಿದರೆ ಅದೇ ವ್ಯಾಯಾಮ. ತಿಂಗಳುಗಟ್ಟಲೆ ಕುತ್ತಿಗೆಪಟ್ಟಿ (ಕಾಲರ್) ಬಿಗಿದರೆ ಸ್ನಾಯು ಇನ್ನಷ್ಟು ಸೋಲುತ್ತದೆ.

ಮಗ್ಗುಲಾದಾಗ ಕೆಲ ಸೆಕೆಂಡು ಕೋಣೆಯೇ ಗಿರ್ರನೆ ತಿರುಗಿದರೆ ಅದು ಹೆಚ್ಚಾಗಿ ಒಳಗಿವಿಯದು. ಅಂಗಿ ಗುಂಡಿ ಹಾಕಲಾಗದಷ್ಟು ಕೈ ಜೋಮು ಅಥವಾ ಮಾತಿನ ತೊದಲು ಇದ್ದರೆ ಇದ್ಯಾವುದೂ ಬೇಡ, ತಕ್ಷಣ ಆಸ್ಪತ್ರೆಗೆ ಹೋಗಿ.