15ರ ಹುಡುಗನ 100 ಮೀಟರ್ ಓಟ 12.6 ಸೆಕೆಂಡಿಗೇ ನಿಂತಿದ್ದರೆ
ಮಗನ ಓಟದ ಸಮಯ ಯಾಕೆ ಇಳಿಯುತ್ತಿಲ್ಲ ಅಂತ ಕೇಳಿದ್ದೀರಿ. ಒಂದೇ ವರ್ಷದಲ್ಲಿ ಮೂರು ಇಂಚು ಬೆಳೆದ ಅಂದಿರಲ್ಲ, ಬಹುಶಃ ಅದೇ ಕಾರಣ. ಕಾಲು ಉದ್ದವಾದಾಗ ಓಟದ ಲಯ ಕೆಲವು ತಿಂಗಳು ಕೆಡಬಹುದು. ಸ್ಟಾಪ್‌ವಾಚ್ ಕೂಡ ನೋಡಿ. ಹಾಸನದಲ್ಲಿ ಕೈಯಲ್ಲಿ ಒತ್ತಿ ತೆಗೆದ 12.6, ಎಲೆಕ್ಟ್ರಾನಿಕ್ ಲೆಕ್ಕದಲ್ಲಿ ಸುಮಾರು 12.84. ಬೆಂಗಳೂರಿನ ಮೀಟ್‌ನಲ್ಲಿ ಎಲೆಕ್ಟ್ರಾನಿಕ್ ಗಡಿಯಾರದಲ್ಲಿ ಅಷ್ಟು ಬಂದರೆ ನಿಧಾನವಾದ ಅಂತಲ್ಲ, ಅದೇ ಓಟ.

ಮೊದಲು ವಾರಕ್ಕೆ ಎರಡೇ ದಿನ ಪೂರ್ತಿ ವೇಗದ ಓಟ: 30 ಮೀಟರ್, ನಾಲ್ಕೈದು ಸಲ, ನಡುವೆ ಮೂರು ನಿಮಿಷ ಬಿಡುವು. ಆಮೇಲೆ ಇನ್ನೆರಡು ದಿನ ಸ್ಕ್ವಾಟ್, ಪುಶ್‌ಅಪ್. ಖಾಲಿ ರಾಡ್ ಹೊತ್ತು ಹತ್ತು ಸಲ ಬೆನ್ನು ಬಾಗದೆ ಕೂತೆದ್ದರೆ ಮಾತ್ರ ತೂಕ ಹಾಕಿಸಿ. ಜಿಮ್ಮಿಗೆ ಹೋದರೆ ಎತ್ತರ ನಿಲ್ಲುತ್ತದೆ ಅನ್ನುವುದು ಸುಮ್ನೆ ಮಾತು. ಗೆಳೆಯರ ಜೊತೆ ‘ಯಾರು ಜಾಸ್ತಿ ಎತ್ತುತ್ತಾರೆ’ ಅನ್ನುವ ಪಂದ್ಯ ಬೇಡ.

ಮಂಡಿಚಿಪ್ಪಿನ ಕೆಳಗಿನ ಉಬ್ಬು ಒತ್ತಿದಾಗ ನೋವಾದರೆ ಜಿಗಿತ ನಿಲ್ಲಿಸಿ, ಮೂಳೆ ಡಾಕ್ಟರಿಗೆ ತೋರಿಸಿ.