ವಿಲಿಯಂ ಲೀ ಹೆಣಿಗೆಗೆ ಕೊಟ್ಟದ್ದೇನು?

ಪ್ರಶ್ನೆ: ಮೊದಲ ಹೆಣಿಗೆ ಯಂತ್ರವನ್ನು 1589ರಲ್ಲಿ ಇಂಗ್ಲೆಂಡಿನ ವಿಲಿಯಂ ಲೀ ಮಾಡಿದ ಎಂದು ಓದಿದೆ. ಎರಡು ಕಡ್ಡಿಗಳ ಕೈಕೆಲಸವನ್ನು ಆತ ಯಂತ್ರಕ್ಕೆ ಒಗ್ಗಿಸಿದ್ದು ಹೇಗೆ?

ಉತ್ತರ: ಎರಡು ಕಡ್ಡಿಗಳ ಕ್ರಮವನ್ನೇ ಕೈಬಿಟ್ಟು. ಕೈಹೆಣಿಗೆಯಲ್ಲಿ ಕುಣಿಕೆಗಳು ಒಂದು ಕಡ್ಡಿಯಿಂದ ಇನ್ನೊಂದಕ್ಕೆ ಒಂದೊಂದಾಗಿ ದಾಟುತ್ತವೆ. ಲೀ ಪ್ರತಿ ಕುಣಿಕೆಗೂ ಅದರದೇ ಸೂಜಿ ಕೊಟ್ಟ. ಇಡೀ ಸಾಲು ಒಟ್ಟಿಗೇ ಮುಗಿಯಿತು. ಸದಾ ಹೆಣೆಯುತ್ತಿದ್ದ ಪ್ರೇಯಸಿಗಾಗಿ ಯಂತ್ರ ಮಾಡಿದ ಎಂಬ ಕಥೆಗೆ ಆಧಾರವಿಲ್ಲ. ಅದಕ್ಕಿಂತ ಯಂತ್ರದೊಳಗಿನ ಜಾಣ್ಮೆಯೇ ಸೊಗಸು.

ಸೂಜಿಯ ತುದಿ ಉದ್ದ ಕೊಕ್ಕೆಯಾಗಿ ಹಿಂದಕ್ಕೆ ಬಾಗಿರುತ್ತದೆ, ಕೊಕ್ಕೆಯ ಮೊನೆಯ ಕೆಳಗೆ ಸೂಜಿಯ ಮೈಯಲ್ಲಿ ಒಂದು ಗುಳಿ. ನೂಲನ್ನು ಸೂಜಿಗಳ ಮೇಲೆ ಅಡ್ಡ ಹಾಸಿದಾಗ, ನಡುನಡುವೆ ಸಿಂಕರ್ ಎಂಬ ತೆಳು ತಗಡುಗಳು ಇಳಿದು ನೂಲನ್ನು ಕುಣಿಕೆಯಾಗಿ ತಗ್ಗಿಸುತ್ತವೆ. ಹೊಸ ಕುಣಿಕೆಗಳು ಕೊಕ್ಕೆಯೊಳಗೆ ಸರಿಯುತ್ತವೆ. ಒತ್ತುಪಟ್ಟಿ ಬಂದು ಮೊನೆಯನ್ನು ಗುಳಿಗೆ ಅದುಮಿದರೆ ಕೊಕ್ಕೆ ಮುಚ್ಚಿತು. ಹಳೆಯ ಕುಣಿಕೆ ಅದರ ಮೇಲೆ ಜಾರಿ ಆಚೆ ಬೀಳುತ್ತದೆ. ಪಟ್ಟಿ ಎದ್ದೊಡನೆ ಕೊಕ್ಕೆ ತಾನೇ ತೆರೆಯುತ್ತದೆ.

ಸಿಂಕರ್ ಮೊದಲೇ ನೂಲು ತಗ್ಗಿಸುವುದು ಮುಖ್ಯ. ಇಲ್ಲದಿದ್ದರೆ ಎಲ್ಲ ಸೂಜಿಗಳೂ ಒಂದೇ ನೂಲನ್ನು ಒಟ್ಟಿಗೆ ಎಳೆದು, ನೂಲು ಹರಿಯುತ್ತದೆ. ಕೊಕ್ಕೆ ಪೂರ್ತಿ ಮುಚ್ಚದಿದ್ದರೆ ಹಳೆಯ ಕುಣಿಕೆಯೂ ಒಳಗೇ ಉಳಿದು ಗಂಟಿನಂತೆ ದಪ್ಪಗಾಗುತ್ತದೆ. ಕೊಕ್ಕೆಯ ಸ್ಪ್ರಿಂಗ್‌ನಂತಹ ಪುಟಿತ ಸೋತು ಅದು ತೆರೆಯದಿದ್ದರೆ ಹೊಸ ನೂಲು ಸಿಗದೆ ಕುಣಿಕೆ ಕಳಚಿ, ಬಟ್ಟೆಯಲ್ಲಿ ಉದ್ದಕ್ಕೆ ಏಣಿಯಂತೆ ಹೆಣಿಗೆ ಬಿಚ್ಚಿಕೊಳ್ಳುತ್ತದೆ.

ಮೊದಲ ಯಂತ್ರದಲ್ಲಿ ಇಂಚಿಗೆ 8 ಸೂಜಿ, ಒರಟು ಉಣ್ಣೆಗೆ ಮಾತ್ರ ಸರಿ. ರಾಣಿ ಎಲಿಜಬೆತ್ ಪೇಟೆಂಟ್ ಕೊಡಲಿಲ್ಲ. ಮುಂದೆ ಲೀ ರೇಷ್ಮೆ ಕಾಲುಚೀಲಕ್ಕಾಗಿ ಇಂಚಿಗೆ 20 ಸೂಜಿ ಕೂರಿಸಿದ. ಅಂದರೆ ಒಂದು ಸೂಜಿ, ಒಂದು ಸಿಂಕರ್, ನಡುವೆ ನೂಲು, ಇಷ್ಟೂ 1.27 ಮಿಲಿಮೀಟರಿನಲ್ಲಿ! ಕೈಯಿಂದ ಲೋಹ ತಿದ್ದುತ್ತಿದ್ದ ಕಾಲದ ಈ ಸಾಧನೆಯನ್ನು ಮೊದಲ ಯಂತ್ರಕ್ಕಿಂತ ದೊಡ್ಡದೆಂದೇ ಎಣಿಸಬೇಕು. ಆದರೂ ಮನ್ನಣೆ ಸಿಗದೆ ಆತ ಫ್ರಾನ್ಸಿನ ರೂವಾನ್‌ಗೆ ಹೋದ. 1610ರಲ್ಲಿ ಅಲ್ಲಿ ಆಸರೆ ಕೊಟ್ಟಿದ್ದ ದೊರೆ ನಾಲ್ಕನೆಯ ಹೆನ್ರಿಯ ಕೊಲೆಯಾಗಿ ಆ ಆಸರೆಯೂ ತಪ್ಪಿತು. ಲೀಯ ತಮ್ಮ ಜೇಮ್ಸ್ ಯಂತ್ರಗಳನ್ನು ಇಂಗ್ಲೆಂಡಿಗೆ ಮರಳಿ ತಂದದ್ದರಿಂದ ಕಸುಬು ಉಳಿಯಿತು.

ಪ್ರಶ್ನೆ: ಮನೆಬಳಕೆಯ ಯಂತ್ರದಲ್ಲಿರುವುದೂ ಇದೇ ಸೂಜಿಯೇ?

ಉತ್ತರ: ಅಲ್ಲ. ಅದು ಲೆಸ್ಟರಿನ ಮ್ಯಾಥ್ಯೂ ಟೌನ್‌ಸೆಂಡ್ 1849ರಲ್ಲಿ ಪೇಟೆಂಟ್ ಪಡೆದ ಲ್ಯಾಚ್ ಸೂಜಿ. ಕೊಕ್ಕೆಗೆ ಪುಟ್ಟ ಚಿಲಕವಿದ್ದು, ಹಳೆಯ ಕುಣಿಕೆಯೇ ಅದನ್ನು ತೆರೆದು ಮುಚ್ಚುತ್ತದೆ, ಒತ್ತುಪಟ್ಟಿ ಬೇಡ. ನಿಮ್ಮ ಯಂತ್ರದಲ್ಲಿ ಒಂದೇ ಜಾಗದಲ್ಲಿ ಕುಣಿಕೆ ಸಿಕ್ಕಿಕೊಳ್ಳುತ್ತಿದ್ದರೆ ಆ ಸೂಜಿ ಹೊರತೆಗೆದು ಚಿಲಕವನ್ನು ಬೆರಳಿನಿಂದ ಆಡಿಸಿ. ಬಿಗಿಯಾಗಿದ್ದರೆ ಕೀಲಿನಲ್ಲಿ ನೂಲಿನ ಧೂಳು ಸೇರಿದೆ: ಬ್ರಷ್‌ನಿಂದ ತೆಗೆದು ತೆಳು ಎಣ್ಣೆ ಒಂದು ಹನಿ ಬಿಡಿ. ಚಿಲಕ ಕೊಕ್ಕೆಯ ನಡುವಿಗೆ ಕೂರದೆ ಪಕ್ಕಕ್ಕೆ ವಾಲಿದ್ದರೆ ತಿದ್ದಲು ಹೋಗಬೇಡಿ, ಸೂಜಿ ಬದಲಿಸಿ.