ಮುಟ್ಟಿದರೆ ತಣ್ಣಗೆ, ಒಳಗೆ ಉರಿ

(ಗುರುತು ಸಿಗಬಾರದೆಂದು ಹೆಸರು ಮತ್ತು ಮನೆಯ ವಿವರ ಬದಲಿಸಿದ್ದೇನೆ.)

ಕಮಲಮ್ಮನವರನ್ನು ನನ್ನ ಬಳಿ ಆಪ್ತಸಮಾಲೋಚನೆಗೆ ಕರೆತಂದದ್ದು ಅವರ ಮಗ, ಜೊತೆಗೆ ಸೊಸೆ. ಕಲಬುರಗಿಯ ಹಳೇ ಓಣಿಯಲ್ಲಿ ಮನೆ, ವಯಸ್ಸು 56, ಹನ್ನೊಂದು ವರ್ಷದಿಂದ ಸಕ್ಕರೆ ಕಾಯಿಲೆ. ಕಟ್ಟಿಗೆ ಒಲೆಯ ಮುಂದೆ ಕೂತು ಜೋಳದ ಖಡಕ್ ರೊಟ್ಟಿ ಬಡಿದು ಖಾನಾವಳಿಗಳಿಗೆ ಕೊಡುತ್ತಾರೆ. ಕೂತ ಕೂಡಲೇ ಮಗ ಫೈಲು ಮುಂದಿಟ್ಟ.

"ನರದ ಟೆಸ್ಟ್ ನಾರ್ಮಲ್ ಬಂದದ ಮೇಡಂ. ಆದ್ರೂ ರಾತ್ರಿ ಪೂರಾ ಕಾಲು ಉರೀಲತ್ತಾವ ಅಂತಾಳ. ಟೆನ್ಶನ್ ಭಾಳ ಮಾಡ್ಕೋತಾಳ, ನೀವೇ ಸ್ವಲ್ಪ ತಿಳಿಸಿ ಹೇಳ್ರಿ."

ತಾಯಿ ತಲೆ ತಗ್ಗಿಸಿ ಸೆರಗಿನ ಅಂಚು ಸುತ್ತುತ್ತಿದ್ದರು. "ನೀವು ಹೇಳ್ರಿ ಅವ್ವಾ" ಎಂದೆ.

"ಅಂಗಾಲಿಗಿ ಖಾರಪುಡಿ ಹಚ್ಚಿದಂಗ ಆಗ್ತದರೀ. ಚಾದರ ತಾಗಿದ್ರೂ ಚುಚ್ತದ. ಇವ ಮುಟ್ಟಿ ನೋಡಿ, ತಣ್ಣಗ ಅದಾವಲ್ಲ ಅಂತಾನ. ತಣ್ಣಗೇ ಇರ್ತಾವರೀ. ಒಳಗ ಉರೀತಾವ."

ಎರಡು ವರ್ಷದಿಂದ ಹೀಗೇ. ಮನೆಯವರು ಮಲಗಿದ ಮೇಲೆ ಬಚ್ಚಲಲ್ಲಿ ಬಕೆಟ್ ನೀರಿನಲ್ಲಿ ಕಾಲಿಟ್ಟು ಕೂರುತ್ತಾರಂತೆ, ಒಮ್ಮೊಮ್ಮೆ ತಾಸುಗಟ್ಟಲೆ. ಉರಿಗಿಂತ ಹೆಚ್ಚು ಅವರನ್ನು ಸುಟ್ಟಿದ್ದು "ಎಲ್ಲಾ ನಾರ್ಮಲ್ ಅದ" ಎಂಬ ಮಾತು ಎಂದು ನನಗೆ ಅನಿಸಿತು.

ಹಾಗಾಗಿ ಮೊದಲು ಮಾತಾಡಿದ್ದು ಮಗನ ಜೊತೆ. ನರ್ವ್ ಕಂಡಕ್ಷನ್ ಎಂಬ ಆ ನರದ ಪರೀಕ್ಷೆ ಅಳೆಯುವುದು ದಪ್ಪ ನರತಂತುಗಳನ್ನು ಮಾತ್ರ. ನೋವು, ಬಿಸಿ, ತಣ್ಣನೆಯನ್ನು ಒಯ್ಯುವ ಸಣ್ಣ ತಂತುಗಳು ಅದರ ಲೆಕ್ಕಕ್ಕೆ ಬರುವುದಿಲ್ಲ. ಸಕ್ಕರೆ ಕಾಯಿಲೆಯಲ್ಲಿ ಎಷ್ಟೋ ಜನರಿಗೆ ಮೊದಲು ಕೆಡುವುದು ಈ ಸಣ್ಣವೇ. ರಿಪೋರ್ಟ್ ನಾರ್ಮಲ್ ಇದ್ದೂ ಕಾಲು ಉರಿಯಬಹುದು. ನನ್ನ ಹತ್ತಿರ ಬಂದ ಮಾತ್ರಕ್ಕೆ ಅವ್ವನ ನೋವು ಮನಸ್ಸಿನ ಭ್ರಮೆ ಆಗುವುದಿಲ್ಲ ಎಂದು ನೇರವಾಗಿಯೇ ಹೇಳಿದೆ. ಎರಡು ವರ್ಷ ನಿದ್ದೆಗೆಟ್ಟರೆ ಯಾರ ಮನಸ್ಸಾದರೂ ಕುಸಿಯುತ್ತದೆ. ಚಿಂತೆ ನೋವನ್ನು ಹೆಚ್ಚಿಸುತ್ತದೆ, ಹುಟ್ಟಿಸಿದ್ದು ಚಿಂತೆಯಲ್ಲ.

ಆಮೇಲೆ ಚಪ್ಪಲಿ ಬಿಡಿ, ಕಾಲು ನೋಡೋಣ ಎಂದೆ. ಬಲಗಾಲಿನ ಕಿರುಬೆರಳ ಪಕ್ಕ ತೊಗರಿಬೇಳೆಯಷ್ಟಗಲದ ಸುಟ್ಟ ಗುಳ್ಳೆ, ಒಡೆದು ಅಂಚು ಕಪ್ಪಾಗಿತ್ತು. ಒಲೆಯ ಕೆಂಡ ಸಿಡಿದಿರಬೇಕು. "ಇದು ಯಾವಾಗ ಆತು?" ಎಂದರೆ ಕಮಲಮ್ಮ ಬಗ್ಗಿ ನೋಡಿ, "ನನಗ ಗೊತ್ತೇ ಆಗಿಲ್ಲರೀ" ಎಂದರು. ಮಗ ಎದ್ದು ಬಂದು ಮಂಡಿಯೂರಿ ಕೂತ. ಇಲ್ಲದ ಬೆಂಕಿಗೆ ಉರಿಯುವ ಕಾಲಿಗೆ, ನಿಜವಾದ ಕೆಂಡ ಬಿದ್ದದ್ದು ತಿಳಿದಿರಲಿಲ್ಲ. ಕೆಟ್ಟ ತಂತು ಸುಮ್ಮಸುಮ್ಮನೆ ಕೂಗುತ್ತದೆ, ಕೂಗಬೇಕಾದಾಗ ಸುಮ್ಮನಿರುತ್ತದೆ. ಅವತ್ತು ಆ ಗುಳ್ಳೆಯೇ ನನಗಿಂತ ಚೆನ್ನಾಗಿ ತಿಳಿಸಿ ಹೇಳಿತು.

ಗಾಯ ತೋರಿಸಲು ಅದೇ ದಿನ ಡಾಕ್ಟರ ಬಳಿ ಕಳಿಸಿದೆ. ಎರಡು ಪ್ರಶ್ನೆ ಬರೆದುಕೊಟ್ಟಿದ್ದೆ. ಒಂದು, ರಕ್ತದಲ್ಲಿ ಬಿ12 ವಿಟಮಿನ್ ನೋಡಿದ್ದೀರಾ? ಸಕ್ಕರೆ ಕಾಯಿಲೆಯ ಗುಳಿಗೆ ಮೆಟ್‌ಫಾರ್ಮಿನ್ ವರ್ಷಗಟ್ಟಲೆ ತೆಗೆದುಕೊಂಡವರಲ್ಲಿ ಅದು ಇಳಿಯಬಹುದು, ಇಳಿದರೆ ಅದೂ ನರ ಕೆಡಿಸುತ್ತದೆ. ಅವರದು ಕಡಿಮೆಯೇ ಇತ್ತು. ಇನ್ನೊಂದು, ನಿಲ್ಲಿಸಿದ ಗುಳಿಗೆಯ ವಿಚಾರ. ನರದ ನೋವಿಗೆಂದು ಡಾಕ್ಟರು ಪ್ರಿಗಾಬಲಿನ್ ಕೊಟ್ಟಿದ್ದರು, ಕಮಲಮ್ಮ ಮಂಪರು ಬಂತೆಂದು ನಾಲ್ಕೇ ದಿನಕ್ಕೆ ಬಿಟ್ಟು, ಮೆಡಿಕಲ್ ಅಂಗಡಿಯಿಂದ ಮೈಕೈನೋವಿನ ಗುಳಿಗೆ ತರಿಸುತ್ತಿದ್ದರು. ನರದ ನೋವಿಗೆ ಆ ಗುಳಿಗೆ ಅಷ್ಟಾಗಿ ನಾಟುವುದಿಲ್ಲ, ಸಕ್ಕರೆ ಇದ್ದವರ ಕಿಡ್ನಿಗೆ ಅಪಾಯ ಬೇರೆ. ನರದ ಔಷಧಿ ಸಣ್ಣ ಡೋಸ್‌ನಲ್ಲಿ ಶುರುವಾಗಿ, ಗುಣ ತೋರಲು ವಾರಗಳೇ ಹಿಡಿಯಬಹುದು. ತೊಂದರೆಯಾದರೆ ಡಾಕ್ಟರಿಗೆ ಹೇಳಿ ಬದಲಿಸಬೇಕು, ತಾವಾಗಿ ಬಿಡಬಾರದು.

ಮನೆಗೆ ಹೇಳಿದ್ದು ಇಷ್ಟು. ಬಕೆಟ್ ನೀರು ಬೇಡ. ಬೆರಳ ಸಂದಿಯ ಚರ್ಮ ಆಗಲೇ ನೆನೆದು ಬೆಳ್ಳಗಾಗಿತ್ತು. ಐದು ನಿಮಿಷ ಒದ್ದೆ ಬಟ್ಟೆ, ಆಮೇಲೆ ಸಂದಿಯೂ ಒಣಗುವಂತೆ ಒರೆಸುವುದು. ಐಸ್ ಇಡುವುದಿಲ್ಲ, ಬಿಸಿನೀರಿನ ಶಾಖವೂ ಇಲ್ಲ. ಸ್ನಾನದ ನೀರನ್ನು ಮೊದಲು ಮೊಣಕೈಯಿಂದ ನೋಡಬೇಕು. ಬರಿಗಾಲು ಮನೆಯೊಳಗೂ ಬೇಡ. ಒಲೆಯ ಮುಂದೆ ಮುಚ್ಚಿದ ಬೂಟು. ನಮ್ಮ ಊರಿನ ಏಪ್ರಿಲ್ ಬಿಸಿಲಲ್ಲಿ ಅಂಗಳದ ಶಹಾಬಾದ್ ಕಲ್ಲೇ ಹಂಚಿನಂತೆ ಕಾಯುತ್ತದೆ. ಶರಣಬಸವೇಶ್ವರ ಗುಡಿಗೆ ಹೋಗುವುದಾದರೆ ನಸುಕಿನಲ್ಲೇ ಹೋಗಿ ಎಂದೆ. ಅದಕ್ಕೆ ಮಾತ್ರ ಅವರು ಸುಲಭವಾಗಿ ಒಪ್ಪಲಿಲ್ಲ.

ರೊಟ್ಟಿ ಬಿಡಿಸಲಿಲ್ಲ. ಅದು ಅವರ ದುಡಿಮೆ, ಅವರ ಮರ್ಯಾದೆ. ಒಂದೇ ಸಲ ಕೂತು ನೂರು ಬಡಿಯುತ್ತಿದ್ದುದನ್ನು ಮೂರು ಪಾಲು ಮಾಡಿ, ನಡುನಡುವೆ ಎದ್ದು ಓಣಿಯ ತುದಿಯವರೆಗೆ ನಡೆಯುವುದು ಎಂದು ಗೊತ್ತುಮಾಡಿದೆವು. ನೋವು ಹೆಚ್ಚಾದ ರಾತ್ರಿ ಒಬ್ಬರೇ ಬಚ್ಚಲಿಗೆ ಹೋಗದೆ ಸೊಸೆಯನ್ನು ಎಬ್ಬಿಸಬೇಕು. ಸೊಸೆ "ಏನೂ ಆಗಿಲ್ಲ ಅತ್ತಿ" ಎನ್ನಬಾರದು, "ಇವತ್ತ ಎಷ್ಟ ಅದ?" ಎಂದು ಕೇಳಬೇಕು, ಹತ್ತಕ್ಕೆ ಎಷ್ಟು ಎಂದು.

ಮೂರು ತಿಂಗಳಾಯಿತು. ಎಂಟು ಇದ್ದದ್ದು ಐದಕ್ಕೆ ಬಂದಿದೆ, ಕೆಲವು ರಾತ್ರಿ ಮತ್ತೆ ಏಳು. ಪೂರ್ತಿ ಹೋಗುತ್ತದೆ ಎಂದು ನಾನು ಮಾತು ಕೊಟ್ಟಿಲ್ಲ. ಗುಳ್ಳೆ ಮಾಯ್ದಿದೆ. ದಿನಾ ಮಲಗುವ ಮುಂಚೆ ಮಗ ಮೊಬೈಲ್ ಟಾರ್ಚ್ ಹಿಡಿಯುತ್ತಾನೆ, ಸೊಸೆ ಅಂಗಾಲು, ಹಿಮ್ಮಡಿ, ಬೆರಳ ಸಂದಿ ನೋಡುತ್ತಾಳೆ. ಕಳೆದ ಸಲ ಬಂದಾಗ ಕಮಲಮ್ಮ ನಾನು ಕೇಳುವ ಮೊದಲೇ ಚಪ್ಪಲಿ ಬಿಟ್ಟು, ಕಾಲು ಮುಂದೆ ಚಾಚಿ ಕೂತರು.